ಸೂತ್ರಧಾರನೂ ಆಟಗಾರರೂ: ಸ್ಯಾಂಡ್‌ಬಾಕ್ಸ್ ಪಾತ್ರಕ್ರೀಡೆಯಲ್ಲಿ ವಿಶ್ವಾಸದ ನೆಲೆ

ಆಟವು ಇತಿಹಾಸಕಾರನ ಗಂಭೀರ ವಿಚಾರಕ್ಕೆ ತಕ್ಕ ವಸ್ತುವಲ್ಲವೆಂಬ ಭಾವನೆ ವಿದ್ವದ್ವಲಯದಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಡಚ್ ಇತಿಹಾಸಕಾರನಾದ ಯೋಹಾನ್ ಹೌಜಿಂಗಾ 1938ರಲ್ಲಿ 'ಹೋಮೋ ಲೂಡೆನ್ಸ್' ಎಂಬ ಗ್ರಂಥವನ್ನು ಪ್ರಕಟಿಸಿ, ಸಂಸ್ಕೃತಿಯ ಬೆಳವಣಿಗೆಯಲ್ಲಿ ಆಟಕ್ಕಿರುವ ಸ್ಥಾನವನ್ನು ನಿರೂಪಿಸಿದ ಮೇಲೂ ಈ ಅಲಕ್ಷ್ಯ ಉಳಿದುಬಂದಿರುವುದು ಸೋಜಿಗವೇ ಸರಿ. ಗುಟ್ಟನ್ನೂ ಅಧಿಕಾರವನ್ನೂ ಒಬ್ಬನೇ ಕೈಯಲ್ಲಿ ಹಿಡಿದಿರುವಾಗ ಉಳಿದವರು ಅವನನ್ನು ಯಾವ ಆಧಾರದ ಮೇಲೆ ನಂಬಬೇಕು? ಇದು ರಾಜ್ಯಶಾಸ್ತ್ರದ ಪ್ರಶ್ನೆಯೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಬೆಳೆದುಬಂದ ಒಂದು ಬಗೆಯ ಆಟದಲ್ಲಿ ಇದೇ ಪ್ರಶ್ನೆ ಅತ್ಯಂತ ಸ್ಫುಟವಾಗಿ ಎದುರಾಗುತ್ತದೆ. ಅದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೇಜಿನ ಸುತ್ತ ಕುಳಿತು ಆಡುವ ಪಾತ್ರಕ್ರೀಡೆಯಲ್ಲಿ ಪ್ರತಿಯೊಬ್ಬ ಆಟಗಾರನೂ ಒಬ್ಬ ಕಲ್ಪಿತ ವ್ಯಕ್ತಿಯ ಪಾತ್ರವನ್ನು ವಹಿಸಿ, ಆ ವ್ಯಕ್ತಿ ಏನು ಮಾಡುವನೆಂಬುದನ್ನು ಬಾಯಿಮಾತಿನಿಂದ ತಿಳಿಸುತ್ತಾನೆ. ಒಬ್ಬನು ಮಾತ್ರ ಯಾವ ಒಂದು ಪಾತ್ರಕ್ಕೂ ಕಟ್ಟುಬೀಳದೆ ಆ ಕಲ್ಪಿತ ಜಗತ್ತನ್ನೇ ನಡೆಸುತ್ತಾನೆ. ಅವನನ್ನು 'ಗೇಮ್ ಮಾಸ್ಟರ್' ಎಂದು ಕರೆಯುವುದು ರೂಢಿ. ನಾವು ಇಲ್ಲಿ ಸೂತ್ರಧಾರನೆನ್ನೋಣ. ಫಲ ಸಂದಿಗ್ಧವಾದಲ್ಲಿ ದಾಳವನ್ನು ಉರುಳಿಸುವುದುಂಟು. ಈ ಆಟದಲ್ಲಿ ಸ್ಥೂಲವಾಗಿ ಎರಡು ಕ್ರಮಗಳಿವೆ. ಮೊದಲನೆಯದರಲ್ಲಿ ಸೂತ್ರಧಾರನು ಮುಂಚೆಯೇ ಹೆಣೆದ ಕಥೆಯ ಹಾದಿಯಲ್ಲಿ ಆಟಗಾರರು ಸಾಗುತ್ತಾರೆ. ಎರಡನೆಯದರಲ್ಲಿ ಅವನು ಒಂದು ನಾಡನ್ನು ಮಾತ್ರ ನಿರ್ಮಿಸುತ್ತಾನೆ: ಊರು, ಕಾಡು, ಪಾಳುಕೋಟೆ, ಅಲ್ಲಲ್ಲಿ ಅಪಾಯ, ಅಲ್ಲಲ್ಲಿ ನಿಧಿ. ಎಲ್ಲಿಗೆ ಹೋಗಬೇಕು, ಏನನ್ನು ಸಾಧಿಸಬೇಕು ಎಂಬುದು ಆಟಗಾರರ ಇಷ್ಟ. ಮಕ್ಕಳು ಮನಬಂದಂತೆ ಆಡುವ ಮರಳಿನ ತೊಟ್ಟಿಯ ಹೋಲಿಕೆಯಿಂದ ಇದಕ್ಕೆ 'ಸ್ಯಾಂಡ್‌ಬಾಕ್ಸ್' ಎಂಬ ಹೆಸರು ಬಂದಿದೆ.

ಈ ಆಟದ ಪೂರ್ವೇತಿಹಾಸವನ್ನು ಪ್ರಷ್ಯದ ಸೈನ್ಯದಲ್ಲಿ ಕಾಣಬಹುದು. 1824ರಲ್ಲಿ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ, ತನ್ನ ತಂದೆ ಆರಂಭಿಸಿದ್ದ ಯುದ್ಧಕ್ರೀಡೆಯನ್ನು ತಿದ್ದಿ 'ಕ್ರೀಗ್ಸ್‌ಷ್ಪೀಲ್' ನಿಯಮಾವಳಿಯನ್ನು ಪ್ರಕಟಿಸಿದನು. ಎರಡು ಪಕ್ಷಗಳೂ ತಮ್ಮ ಆಜ್ಞೆಗಳನ್ನು ಮಧ್ಯಸ್ಥನೊಬ್ಬನಿಗೆ ಒಪ್ಪಿಸಬೇಕು. ಪ್ರತಿಪಕ್ಷದ ಚಲನೆಯಲ್ಲಿ ಕಣ್ಣಿಗೆ ಬೀಳತಕ್ಕಷ್ಟನ್ನು ಮಾತ್ರ ಅವನು ಅವರಿಗೆ ತಿಳಿಸುವನು. ಈ ಮಧ್ಯಸ್ಥನಿಗೆ ಜರ್ಮನ್ ಮೂಲದಲ್ಲಿ 'ಫೆರ್‌ಟ್ರೌಟ', ಎಂದರೆ ನಂಬುಗೆಯ ವ್ಯಕ್ತಿ, ಎಂಬ ಹೆಸರಿರುವುದು ಗಮನಾರ್ಹ. ಮುಂದೆ 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾನಿ, ಕೋಷ್ಟಕಗಳ ಹಂಗನ್ನು ತೊರೆದು ಮಧ್ಯಸ್ಥನ ಯುದ್ಧಾನುಭವದ ಮೇಲೆಯೇ ತೀರ್ಪನ್ನು ನಿಲ್ಲಿಸಬೇಕೆಂದು ಪ್ರತಿಪಾದಿಸಿದನು. ಆ ಸನ್ನಿವೇಶದಲ್ಲಿ ಇದು ಸಾಧ್ಯವೂ ಆಗಿದ್ದಿತು. ಅಲ್ಲಿ ಮಧ್ಯಸ್ಥನು ಅನುಭವಿಯಾದ ಅಧಿಕಾರಿ. ಆಡುವವರು ಯುದ್ಧವಿದ್ಯೆಯನ್ನು ಕಲಿಯಲು ಬಂದವರು. ವಿಶ್ವಾಸಕ್ಕೆ ಪದವಿಯೂ ಅನುಭವವೂ ಹೊಣೆಯಾಗಿದ್ದವು.

ಈ ಮಧ್ಯಸ್ಥನು ಸೈನ್ಯದಿಂದ ಗೆಳೆಯರ ಕೂಟಕ್ಕೆ ಇಳಿದುಬಂದುದು ಅಮೆರಿಕದಲ್ಲಿ. ಚಾರ್ಲ್ಸ್ ಟಾಟನ್ ಎಂಬ ಸೇನಾಧಿಕಾರಿ 1880ರಲ್ಲಿ ಪ್ರಕಟಿಸಿದ 'ಸ್ಟ್ರಾಟಿಗೋಸ್' ಎಂಬ ಯುದ್ಧಕ್ರೀಡೆಯ ಗ್ರಂಥ ಮಿನೆಸೋಟ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿ ಡೇವಿಡ್ ವೆಸ್ಲಿಯ ಕೈಗೆ ದೊರೆಯಿತು. ಆಟಗಾರನು ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಫಲವನ್ನು ಮಧ್ಯಸ್ಥನು ನಿರ್ಣಯಿಸಬೇಕು ಎಂಬ ತತ್ತ್ವವನ್ನು ಅದರಿಂದ ಗ್ರಹಿಸಿ, ಅವನು 1969ರಲ್ಲಿ 'ಬ್ರೌನ್‌ಷ್ಟೈನ್' ಎಂಬ ಆಟವನ್ನು ಆಡಿಸಿದನು. ಅದೇ ಕೂಟದವನಾದ, ಇತಿಹಾಸದ ವಿದ್ಯಾರ್ಥಿಯಾಗಿದ್ದ ಡೇವ್ ಆರ್ನೆಸನ್ 1971ರಿಂದ 'ಬ್ಲ್ಯಾಕ್‌ಮೂರ್' ಎಂಬ ಕಲ್ಪಿತ ನಾಡನ್ನು ನಡೆಸಿದನು. ಅವನೂ ಗ್ಯಾರಿ ಗೈಗ್ಯಾಕ್ಸನೂ ಸೇರಿ 1974ರಲ್ಲಿ ಹೊರತಂದುದೇ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಈ ಸಂಕ್ರಮಣದಲ್ಲಿ ಮಧ್ಯಸ್ಥನ ಅಧಿಕಾರ ಹಾಗೆಯೇ ಉಳಿಯಿತು. ಅದನ್ನು ಹೊತ್ತಿದ್ದ ಪದವಿ ಮಾತ್ರ ಕಳಚಿಬಿದ್ದಿತು. ಮೇಜಿನ ಸುತ್ತಲಿನವರೆಲ್ಲರೂ ಸಮಾನರು. ಭೂಗತ ಚಕ್ರವ್ಯೂಹದಲ್ಲಿ ಯಾರೊಬ್ಬನಿಗೂ ಅನುಭವವಿಲ್ಲ. ಹೀಗಿರುವಲ್ಲಿ ವಿಶ್ವಾಸಕ್ಕೆ ಹೊಸ ಆಧಾರವೊಂದು ಅವಶ್ಯವಾಯಿತು.

ಆ ಆಧಾರದ ಸುಳಿವು 1974ರ ಮೂರು ಪುಸ್ತಿಕೆಗಳಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಆಟ ಮೊದಲಾಗುವುದಕ್ಕೆ ಮುಂಚೆ ಸೂತ್ರಧಾರನು ತನ್ನ ಭೂಗತ ಲೋಕದ ಕನಿಷ್ಠಪಕ್ಷ ಆರು ಅಂತಸ್ತುಗಳ ನಕ್ಷೆಗಳನ್ನು ಬರೆಯಬೇಕು. ಎಲ್ಲಿ ಯಾವ ಪ್ರಾಣಿ, ಎಲ್ಲಿ ಯಾವ ನಿಧಿ ಎಂಬುದನ್ನು ಗುರುತುಹಾಕಿಡಬೇಕು ಎಂದು ಅಲ್ಲಿ ವಿಧಿಸಿದೆ. ಹೊರನಾಡಿನ ಸಂಚಾರಕ್ಕೆ 1972ರಲ್ಲಿ ಪ್ರಕಟವಾಗಿದ್ದ 'ಔಟ್‌ಡೋರ್ ಸರ್ವೈವಲ್' ಎಂಬ ಬೇರೊಂದು ಆಟದ ಹಲಗೆಯನ್ನು ಬಳಸಬಹುದೆಂಬ ಸೂಚನೆಯೂ ಉಂಟು. ನಕ್ಷೆ ಆಟಗಾರರ ಕಣ್ಣಿಗೆ ಕಾಣದಿದ್ದರೂ, ಅವರು ಆಯ್ಕೆ ಮಾಡುವ ಮೊದಲೇ ಕಾಗದದ ಮೇಲೆ ನಿಂತಿದೆ ಎಂಬುದು ಇಲ್ಲಿ ಮುಖ್ಯ.

ಆದರೆ ಅದೇ ಗೈಗ್ಯಾಕ್ಸನು 1979ರಲ್ಲಿ ಪ್ರಕಟಿಸಿದ 'ಡಂಜನ್ ಮಾಸ್ಟರ್ಸ್ ಗೈಡ್' ಬೇರೆ ದಿಕ್ಕಿಗೆ ತಿರುಗುತ್ತದೆ. ದಾಳದ ಫಲ ಇಷ್ಟವಾಗದಿದ್ದರೆ ಅದನ್ನು ತಳ್ಳಿಹಾಕುವ ಅಧಿಕಾರ ಸೂತ್ರಧಾರನಿಗುಂಟೆಂದು ಅದು ಸಾರುತ್ತದೆ. ಮುಂದಿನ ಭಾಗ ಸ್ವಾರಸ್ಯವಾಗಿದ್ದರೆ ಅದಕ್ಕೆ ಒಯ್ಯುವ ಗುಪ್ತದ್ವಾರ ಆಟಗಾರರಿಗೆ ಸಿಕ್ಕುವಂತೆ ಮಾಡಬಹುದು. ಚೆನ್ನಾಗಿ ಆಡಿಯೂ ದುರದೃಷ್ಟದಿಂದ ಸಾಯಬೇಕಾದ ಪಾತ್ರವನ್ನು ಉಳಿಸಬಹುದು. ಇವೆಲ್ಲ ದಯೆಯಿಂದ ಹುಟ್ಟಿದ ಮಾತುಗಳು ಎಂಬುದರಲ್ಲಿ ಸಂಶಯವಿಲ್ಲ. ಶಕುನಿಯ ದಾಳ ತನ್ನ ಪಕ್ಷದ ಗೆಲವಿಗಾಗಿ ಉರುಳಿತು. ಸೂತ್ರಧಾರನಿಗೆ ಗೆಲ್ಲಬೇಕಾದ ಪಕ್ಷವೇ ಇಲ್ಲ. ಇಲ್ಲಿನ ಕಪಟ ಆಟಗಾರರ ಹಿತಕ್ಕಾಗಿಯೇ ನಡೆಯುತ್ತದೆ. ಆದಕಾರಣವೇ ಅದನ್ನು ಗುರುತಿಸುವುದೂ ಖಂಡಿಸುವುದೂ ಕಷ್ಟ.

ಆ ದಯೆಯ ಬೆಲೆ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ದಾರಿ ಎರಡಾಗಿ ಕವಲೊಡೆದಿದೆ. ಆಟಗಾರರು ಊರಿನಲ್ಲಿ ವಿಚಾರಿಸಿ, ಕುರುಹುಗಳನ್ನು ನೋಡಿ, ತಮ್ಮೊಳಗೆ ಚರ್ಚಿಸಿ ಎಡದಾರಿಯನ್ನು ಹಿಡಿಯುತ್ತಾರೆ. ಸೂತ್ರಧಾರನಾದರೋ ಅವರು ಯಾವ ದಾರಿ ಹಿಡಿದರೂ ಅಲ್ಲಿಯೇ ರಾಕ್ಷಸನನ್ನು ನಿಲ್ಲಿಸಲು ಮೊದಲೇ ನಿಶ್ಚಯಿಸಿದ್ದಾನೆ. ಅವರಿಗೆ ಇದು ಎಂದೂ ತಿಳಿಯದಿರಬಹುದು. ಆ ರಾತ್ರಿಯ ಆಟ ರಂಜಕವಾಗಿಯೂ ಇರಬಹುದು. ಆದರೆ ಅವರ ವಿಚಾರಣೆ, ಎಚ್ಚರ, ವಾದವಿವಾದ ಇವೆಲ್ಲವೂ ನಿಷ್ಫಲವಾದವು. ಕಥಾಪ್ರಧಾನವಾದ ಕ್ರಮದಲ್ಲಿ ಇದು ದೋಷವೆನಿಸಲಾರದು. 1984ರಲ್ಲಿ ಆರಂಭವಾದ 'ಡ್ರ್ಯಾಗನ್‌ಲಾನ್ಸ್' ಮಾಲೆಯಲ್ಲಿ ಮುಖ್ಯ ಪಾತ್ರಗಳ ಸಾವನ್ನು ಸಾಧ್ಯವಾದಷ್ಟು ಅಸ್ಪಷ್ಟವಾಗಿಟ್ಟು ಅವರು ಮರಳಿ ಬರುವಂತೆ ಮಾಡಬೇಕೆಂಬ ಸೂಚನೆಯಿತ್ತು. ಒಂದು ಮಹಾಕಥೆಯಲ್ಲಿ ಪಾಲುಗೊಳ್ಳಲು ಬಂದವರು ಅದನ್ನು ಒಪ್ಪಿಯೇ ಕುಳಿತಿರುತ್ತಾರೆ. ಸ್ಯಾಂಡ್‌ಬಾಕ್ಸಿನಲ್ಲಿ ಹಾಗಲ್ಲ. 'ಆಯ್ಕೆ ನಿಮ್ಮದು' ಎಂಬುದೇ ಅಲ್ಲಿ ಕೊಟ್ಟ ಮಾತು. ಆಯ್ಕೆಯ ಫಲವನ್ನು ಗುಟ್ಟಾಗಿ ಬದಲಿಸಿದಾಗ ಆ ಮಾತು ಮುರಿಯುತ್ತದೆ.

ಆದುದರಿಂದ ಮರೆಸುವುದಕ್ಕೂ ಬದಲಿಸುವುದಕ್ಕೂ ಇರುವ ಅಂತರವನ್ನು ನಾವು ಸ್ಪಷ್ಟಪಡಿಸಿಕೊಳ್ಳಬೇಕು. ರೈಸ್‌ವಿಟ್ಸನ ಮಧ್ಯಸ್ಥನು ಬಹಳವನ್ನು ಮರೆಸುತ್ತಿದ್ದನು. ಅಜ್ಞಾತವಾದುದು ಇಲ್ಲದಿದ್ದರೆ ಅನ್ವೇಷಣೆಯೇ ಇಲ್ಲ. ಸೂತ್ರಧಾರನ ಗುಟ್ಟು ವಿಶ್ವಾಸಕ್ಕೆ ಭಂಗ ತರುವುದಿಲ್ಲ. ಆ ಗುಟ್ಟು ಆಟಗಾರರ ನಡೆಯನ್ನು ನೋಡಿಕೊಂಡು ರೂಪ ಬದಲಿಸಿದಾಗ ಭಂಗ ಒದಗುತ್ತದೆ. ಇತಿಹಾಸದ ಅಭ್ಯಾಸಿಗಳಿಗೆ ಈ ನ್ಯಾಯ ಹೊಸದಲ್ಲ. ಭೂಮಿಯ ವ್ಯಾಜ್ಯ ಹುಟ್ಟುವುದಕ್ಕೆ ಮುಂಚಿನ ಶಾಸನಕ್ಕೂ, ವ್ಯಾಜ್ಯ ಹುಟ್ಟಿದ ಮೇಲೆ ಒಂದು ಪಕ್ಷದ ಅನುಕೂಲಕ್ಕಾಗಿ ಬರೆಸಿದ ಕೂಟಶಾಸನಕ್ಕೂ ನಾವು ಒಂದೇ ಬೆಲೆ ಕಟ್ಟುವುದಿಲ್ಲ. ಬರೆಸಿದವನು ಸಜ್ಜನನೇ ಆಗಿದ್ದರೂ ಎರಡನೆಯದರ ಪ್ರಾಮಾಣ್ಯ ಹೆಚ್ಚುವುದಿಲ್ಲ.

ಈ ತತ್ತ್ವ ಆಚರಣೆಗೆ ಬಂದುದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಬೆನ್ ರಾಬಿನ್ಸ್ 2007ರಲ್ಲಿ ವಿವರಿಸಿದ 'ವೆಸ್ಟ್ ಮಾರ್ಚಸ್' ಎಂಬ ಆಟದಲ್ಲಿ ಯಾವ ದಿನ ಆಡಬೇಕು, ಎಲ್ಲಿಗೆ ಹೋಗಬೇಕು, ಯಾರು ಯಾರು ಹೋಗಬೇಕು ಎಂಬುದನ್ನು ಆಟಗಾರರೇ ಗೊತ್ತುಮಾಡುತ್ತಿದ್ದರು. ಊರು ಕ್ಷೇಮ, ಊರಿನಿಂದ ದೂರ ಹೋದಷ್ಟೂ ಅಪಾಯ ಹೆಚ್ಚು. ಈ ನಿಯಮ ಎಲ್ಲರಿಗೂ ತಿಳಿದದ್ದು. ಅಪಾಯವನ್ನು ಆಟಗಾರರ ಶಕ್ತಿಗೆ ತಕ್ಕಂತೆ ಅಳೆದು ಎದುರಿಗಿಡುವ ಪದ್ಧತಿ ಅಲ್ಲಿರಲಿಲ್ಲವಾದ್ದರಿಂದ ಹಿಮ್ಮೆಟ್ಟುವುದೂ ಒಂದು ವಿವೇಕವೆನಿಸಿತು. ಎರಡನೆಯದು ವಿನ್ಸೆಂಟ್ ಬೇಕರನ 2010ರ 'ಅಪಾಕಲಿಪ್ಸ್ ವರ್ಲ್ಡ್'. ಸೂತ್ರಧಾರನ ಮಾತು ನಿಯಮಕ್ಕೂ, ಅವನು ಮೊದಲೇ ಸಿದ್ಧಪಡಿಸಿಟ್ಟುದಕ್ಕೂ, ಪ್ರಾಮಾಣಿಕತೆಗೂ ಅಧೀನವಾಗಿರಬೇಕೆಂದು ಆ ಗ್ರಂಥ ನಿಯಮರೂಪದಲ್ಲಿಯೇ ಕಟ್ಟಳೆ ಮಾಡಿದೆ. 1979ರಲ್ಲಿ ವಿವೇಚನೆಗೆ ಬಿಟ್ಟಿದ್ದುದು ಇಲ್ಲಿ ಕರ್ತವ್ಯವಾಯಿತು.

ವಿಶ್ವಾಸ ಒಂದೇ ಕಡೆಯಿಂದ ನಿಲ್ಲತಕ್ಕದ್ದಲ್ಲ. ತಾವು ಮುಂದಿನ ಸಲ ಎಲ್ಲಿಗೆ ಹೋಗುವೆವೆಂದು ಆಟಗಾರರು ಮುಂಚಿತವಾಗಿ ತಿಳಿಸದಿದ್ದರೆ ಸೂತ್ರಧಾರನು ನಾಡನ್ನು ಮೊದಲೇ ಬರೆದಿಡುವುದು ಅಸಾಧ್ಯ. ಆಗ ಕ್ಷಣಕ್ಷಣಕ್ಕೂ ಕಲ್ಪಿಸುವ ಅನಿವಾರ್ಯತೆ ಒದಗುತ್ತದೆ. ಎಚ್ಚರಿಕೆ ಕೊಟ್ಟರೂ ಮುನ್ನುಗ್ಗಿ, ಪಾತ್ರ ಸತ್ತಾಗ ಅನ್ಯಾಯವೆಂದು ದೂರುವವನು ಸೂತ್ರಧಾರನನ್ನು ಬದಲಿಸುವ ಕಡೆಗೇ ದೂಡುತ್ತಾನೆ. ಸೋಲನ್ನು ಸಹಿಸದ ಆಟಗಾರನೂ ಕಪಟಕ್ಕೆ ಪಾಲುಗಾರನೇ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಒಂದು ನಾಡಿನ ಪ್ರತಿಯೊಂದು ಮನೆಯನ್ನೂ ಮೊದಲೇ ಬರೆದಿಡುವುದು ಮನುಷ್ಯಸಾಧ್ಯವೆ? ಅಲ್ಲವೆಂದು ಒಪ್ಪಬೇಕು. ಆದರೆ ಬರೆಯದೆ ಉಳಿದುದನ್ನು ಆ ಕ್ಷಣದಲ್ಲಿ ಕಲ್ಪಿಸುವುದು ಬೇರೆ, ಬರೆದುದನ್ನು ಅಳಿಸುವುದು ಬೇರೆ. ಮೊದಲನೆಯ ಸಂದರ್ಭದಲ್ಲಿಯೂ ತಿಳಿದಿರುವ ಸಂಗತಿಗಳಿಗೆ ಒಪ್ಪುವಂತೆ ಊಹಿಸಬಹುದು. ಇಲ್ಲವೆ ಬಗೆಗಳನ್ನು ಪಟ್ಟಿಮಾಡಿ ಎಲ್ಲರೆದುರಿಗೆ ದಾಳವನ್ನು ಉರುಳಿಸಬಹುದು. ತಪ್ಪಿ ಹೇಳಿದ್ದರೆ ತಪ್ಪೆಂದು ಬಹಿರಂಗವಾಗಿ ತಿಳಿಸಿ ತಿದ್ದುವುದರಿಂದಲೂ ವಿಶ್ವಾಸ ಕುಂದುವುದಿಲ್ಲ.

ವೆರ್ಡಿಯ ಮಧ್ಯಸ್ಥನನ್ನು ಅವನ ಪದವಿಗಾಗಿ ನಂಬಿದರು. ಗೈಗ್ಯಾಕ್ಸನ 1979ರ ಸೂತ್ರಧಾರನನ್ನು ಅವನ ಸದುದ್ದೇಶಕ್ಕಾಗಿ ನಂಬಬೇಕಾಗುತ್ತದೆ. ಸಮಾನರ ಕೂಟಕ್ಕೆ ಇವೆರಡೂ ಸಾಲವು. ಆಟಗಾರನು ತನ್ನ ಸೋಲನ್ನು ತನ್ನದೇ ಆಯ್ಕೆಯ ಫಲವೆಂದು ಸ್ವೀಕರಿಸಬೇಕಾದರೆ, ಅವನು ಬೇರೆ ದಾರಿ ಹಿಡಿದಿದ್ದಲ್ಲಿ ಬೇರೆಯದೇ ನಡೆಯುತ್ತಿತ್ತು ಎಂಬ ಭರವಸೆ ಅವನಿಗಿರಬೇಕು. ಆ ಭರವಸೆಯನ್ನು ಕಾಪಾಡುವ ನಡತೆಯೇ ಸ್ಯಾಂಡ್‌ಬಾಕ್ಸಿನಲ್ಲಿ ಸೂತ್ರಧಾರನ ಅಧಿಕಾರಕ್ಕೆ ಆಧಾರವೆಂದು ನಾವು ತೀರ್ಮಾನಿಸುತ್ತೇವೆ.