ಕಾದ ಕಬ್ಬಿಣ, ಕಾದ ಜನ

‘ಕೆಜಿಎಫ್ ಚಾಪ್ಟರ್ 2’ ಟೀಸರ್‌ನ ಕೊನೆಯ ಕ್ಷಣಗಳು ಎಷ್ಟು ಸಲ ನೋಡಿದರೂ ನನಗೆ ಹಳತಾಗಿಲ್ಲ. ನಾಯಕ ರಾಕಿ ದೈತ್ಯ ಮೆಷಿನ್ ಗನ್ನಿನಿಂದ ಜೀಪುಗಳನ್ನು ಹಾರಿಸುತ್ತಾನೆ. ಗುಂಡಿನ ಸದ್ದು ನಿಲ್ಲುತ್ತದೆ. ನಳಿಕೆ ಕೆಂಪಗೆ ಕಾದಿದೆ. ಅವನು ಅವಸರವಿಲ್ಲದೆ ಬಗ್ಗಿ, ಅದಕ್ಕೇ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ಒಂದು ಮಾತೂ ಆಡುವುದಿಲ್ಲ.

ಈ ಕೆಂಪಿನ ರುಚಿ ಭದ್ರಾವತಿಯವರಿಗೆ ಹೆಚ್ಚು ಗೊತ್ತು. 1923ರಿಂದ ಕಬ್ಬಿಣ ಕರಗಿಸಿದ ಊರದು. ಕುಲುಮೆಯ ಮುಂದೆ ಪಾಳಿ ಮಾಡಿದವರಿಗೆ ಲೋಹದ ಬಣ್ಣವೇ ಅದರ ಶಾಖ ಹೇಳುತ್ತದೆ: ಮೊದಲು ಮಂಕು ಕೆಂಪು, ಆಮೇಲೆ ಕಿತ್ತಳೆ, ಹಳದಿ, ಕೊನೆಗೆ ಕಣ್ಣು ಕುಕ್ಕುವ ಬಿಳಿ. ನಿರ್ದೇಶಕ ಪ್ರಶಾಂತ್ ನೀಲ್ ಮತ್ತು ಛಾಯಾಗ್ರಾಹಕ ಭುವನ್ ಗೌಡ ನಿಂತದ್ದು ಕೆಂಪಿನಲ್ಲಿ. ಅಬ್ಬರವೆಲ್ಲ ಮುಗಿದ ಮೇಲೂ ಒಳಗೆ ಕಾವು ಉಳಿದಿದೆ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಬಣ್ಣವಿಲ್ಲ. ಇಡೀ ಪ್ರಚಾರವೂ ಅದೇ ಹದದಲ್ಲಿತ್ತು.

ಭರತನ ನಾಟ್ಯಶಾಸ್ತ್ರ ಎಣಿಸುವ 33 ಸಂಚಾರಿಭಾವಗಳಲ್ಲಿ ಔತ್ಸುಕ್ಯವೂ ಒಂದು. ಬಂದು ಹೋಗುವುದು ಅದರ ಗುಣ. ನಿರ್ಮಾಪಕರಾದ ಹೊಂಬಾಳೆಯವರು ಅದನ್ನು ಮೂರು ವರ್ಷ ಮೀರಿ ಹಿಡಿದು ನಿಲ್ಲಿಸಿದರು. ಇದನ್ನು ಬರೀ ವ್ಯಾಪಾರದ ಚಾಣಾಕ್ಷತನ ಎನ್ನಲು ನನಗೆ ಮನಸ್ಸಿಲ್ಲ, ಇದು ಕಲೆಯೇ. ಮೊದಲ ಭಾಗ ತೆರೆ ಕಂಡದ್ದು 2018ರ ಡಿಸೆಂಬರ್ 21ರಂದು. ಎರಡನೆಯದಕ್ಕೆ 2020ರ ಅಕ್ಟೋಬರ್ 23 ಎಂದರು, ಕೊರೊನಾ ಬಂತು. 2021ರ ಜುಲೈ 16 ಎಂದರು, ಆ ದಿನ ರಾಷ್ಟ್ರೀಯ ರಜೆ ಕೊಡಿ ಎಂದು ಅಭಿಮಾನಿಗಳು ಪ್ರಧಾನಿಗೇ ಪತ್ರ ಬರೆದರು. ಅದೂ ತಪ್ಪಿ, ಕೊನೆಗೆ 2022ರ ಏಪ್ರಿಲ್ 14ಕ್ಕೆ ಬಂತು. ದಿನಾಂಕ ಮುಂದೆ ಹೋದಾಗಲೆಲ್ಲ ಬೇರೆ ಚಿತ್ರವಾಗಿದ್ದರೆ ಜನ ಮರೆಯುತ್ತಿದ್ದರು. ಇಲ್ಲಿ ಹಸಿವು ಹೆಚ್ಚಿತು.

ಕೊಟ್ಟದ್ದು ಕಡಿಮೆ, ಅದಕ್ಕೇ ಹೆಚ್ಚಿತು. 2019ರ ಜುಲೈನಲ್ಲಿ ಖಳನಾಯಕ ಅಧೀರ ಮೊದಲು ಬಂದದ್ದು ಬರಿಯ ಕೈಯಾಗಿ, ಉಂಗುರ ತೊಟ್ಟ ಒಂದು ಮುಷ್ಟಿಯಾಗಿ. ಆ ಪಾತ್ರಧಾರಿ ಸಂಜಯ್ ದತ್ ಹುಟ್ಟುಹಬ್ಬಕ್ಕೆ ಮುಖ ಬಂತು, ಅದೂ ಬಟ್ಟೆ ಸುತ್ತಿಕೊಂಡು. ಯಕ್ಷಗಾನದಲ್ಲಿ ತೆರೆಯ ಮೇಲಿಂದ ಕಿರೀಟದ ತುದಿ ಮಾತ್ರ ಕಾಣಿಸಿ ಕುಣಿಸುವ ಬಣ್ಣದ ವೇಷದ ಒಡ್ಡೋಲಗ ಮಲೆನಾಡಿನವರಿಗೆ ಹೊಸದಲ್ಲ. ಮುಷ್ಟಿಯನ್ನು ನೋಡಿ ನಮ್ಮ ಮೈ ಜುಮ್ಮೆಂದದ್ದು ಆ ರೂಢಿಯಿಂದ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಕೆಜಿಎಫ್ ಟೈಮ್ಸ್’. ಟೀಸರ್‌ಗೆ ಮುನ್ನ ಚಿತ್ರತಂಡ ಈ ಹೆಸರಿನ ಪತ್ರಿಕೆಯ ಪುಟವನ್ನು ಜಾಲತಾಣಗಳಲ್ಲಿ ಹರಿಬಿಟ್ಟಿತು. ಮೊದಲ ಭಾಗದ ಕಥೆಯನ್ನು ಹೇಳಿದವನೇ ಪತ್ರಕರ್ತ ಆನಂದ್ ಇಂಗಳಗಿ. ಹಾಗಾಗಿ ಪ್ರಚಾರ ಕಥೆಯ ಹೊರಗೆ ನಿಂತು ಕೂಗಲಿಲ್ಲ, ಕಥೆಯ ಒಳಗಿಂದಲೇ ಎದ್ದು ಬಂತು. ಭದ್ರಾವತಿಯ ಎಂಪಿಎಂ ಕಾರ್ಖಾನೆಯ ಕಾಗದದಲ್ಲಿ ದಿನಪತ್ರಿಕೆ ಓದಿ ಬೆಳೆದ ನಮ್ಮ ಕಡೆಯವರಿಗೆ, ಮುದ್ರಿಸಿದ ಹಾಳೆ ಕಂಡರೆ ನಂಬುವ ಚಾಳಿ ಇನ್ನೂ ಹೋಗಿಲ್ಲ.

ಟೀಸರ್ 2021ರ ಜನವರಿ 8ರಂದು, ರಾಕಿಯ ಪಾತ್ರಧಾರಿ ಯಶ್ ಹುಟ್ಟುಹಬ್ಬದ ಬೆಳಿಗ್ಗೆ 10.18ಕ್ಕೆ ಬರಬೇಕಿತ್ತು. ಹಿಂದಿನ ರಾತ್ರಿಯೇ ಸೋರಿತು, ಚಿತ್ರತಂಡ ಆಗಲೇ ಅಧಿಕೃತವಾಗಿ ಬಿಟ್ಟಿತು. ಕೆಲವೇ ದಿನಗಳಲ್ಲಿ ವೀಕ್ಷಣೆ 10 ಕೋಟಿ ದಾಟಿತು. ಆಟೋಗೆ ಮೈಕು ಕಟ್ಟಿ ಊರಿನ ಬಿ.ಎಚ್. ರಸ್ತೆಯುದ್ದಕ್ಕೂ ಕರಪತ್ರ ಎಸೆದು ಸಿನಿಮಾ ಸಾರುತ್ತಿದ್ದ ಕಾಲದವರು ಆ ವೇಗಕ್ಕೆ ಬೆರಗಾಗಲೇಬೇಕು. ಆದರೂ ಕರಪತ್ರಕ್ಕಾಗಿ ಓಡುತ್ತಿದ್ದ ಹುಡುಗರ ಆಸೆಯೂ ಫೋನನ್ನು ಅಡ್ಡ ಹಿಡಿದು ಕುಳಿತವರ ಆಸೆಯೂ ಒಂದೇ ಜಾತಿಯದು.

ಚಿತ್ರ ಬಂದಾಗ ಆ ಗನ್ನಿಗೆ ‘ದೊಡ್ಡಮ್ಮ’ ಎಂಬ ಹೆಸರಿದೆ ಎಂದು ತಿಳಿಯಿತು. ಕೆಂಪು ನಳಿಕೆಯನ್ನು ಮೊದಲೇ ಕೊಟ್ಟವರು ಹೆಸರನ್ನು ಮಾತ್ರ ತೆರೆಗೆಂದು ಉಳಿಸಿಕೊಂಡಿದ್ದರು. ಇಂಥ ಸಂಯಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಚಿತ್ರದ ಕೊನೆಯಲ್ಲಿ ಮೂರನೆಯ ಅಧ್ಯಾಯದ ಹಸ್ತಪ್ರತಿಯನ್ನೂ ಒಂದು ಗಳಿಗೆ ತೋರಿಸಿದರು. ದಿನಾಂಕ ಹೇಳಲಿಲ್ಲ. ಅವಸರ ಮಾಡದಿರಲಿ, ನಾವು ಕಾಯುತ್ತೇವೆ.