ಒಂದು ಸ್ಥಾವರ, ಹಲವು ಕಟ್ಟಳೆ

2024ರ ಸೆಪ್ಟೆಂಬರ್ 30ರಂದು ಇಂಗ್ಲೆಂಡಿನ ರ‍್ಯಾಟ್‌ಕ್ಲಿಫ್-ಆನ್-ಸೋರ್ ಸ್ಥಾವರ ಮುಚ್ಚಿತು. 1882ರಲ್ಲಿ ಲಂಡನ್ನಿನಲ್ಲಿ ಶುರುವಾಗಿದ್ದ ಕಲ್ಲಿದ್ದಲು ವಿದ್ಯುತ್ತಿನ ಕಾಲ ಬ್ರಿಟನ್ನಿನಲ್ಲಿ ಅಲ್ಲಿಗೆ ಮುಗಿಯಿತು. ಇದರ ಶ್ರೇಯಸ್ಸನ್ನು ಹಲವರು ಇಂಗಾಲದ ತೆರಿಗೆಯೊಂದಕ್ಕೇ ಕೊಡುತ್ತಾರೆ. ನನ್ನ ಮಟ್ಟಿಗೆ ಅದು ಅರ್ಧ ಸತ್ಯ.

ಉಳಿದರ್ಧ ಗಂಧಕದ ಕಥೆ. 2001ರ ಐರೋಪ್ಯ ನಿರ್ದೇಶನವೊಂದು ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡ್ ಮತ್ತು ದೂಳಿಗೆ ಮಿತಿ ಹಾಕಿತು. ಇಂಗಾಲದ ಮಾತೇ ಅದರಲ್ಲಿರಲಿಲ್ಲ. ಹಳೆಯ ಸ್ಥಾವರಗಳು ಹೊಗೆಯನ್ನು ಶುದ್ಧಗೊಳಿಸಬೇಕು, ಇಲ್ಲವೇ 2008ರಿಂದ 2015ರೊಳಗೆ 20,000 ಗಂಟೆ ಮಾತ್ರ ಓಡಿ ಬಾಗಿಲು ಹಾಕಬೇಕು ಎಂದಿತು. ಮೊದಲ ಫಲ ತಿರುಗುಮುರುಗಾಯಿತು. 2012ರಲ್ಲಿ ಕಲ್ಲಿದ್ದಲು ಅಗ್ಗವಾಗಿತ್ತು, ಮರುವರ್ಷ ತೆರಿಗೆ ಬರುವುದು ಗೊತ್ತಿತ್ತು. ಹಾಗಾಗಿ ಮುಚ್ಚಲಿದ್ದ ಸ್ಥಾವರಗಳು ತಮ್ಮ ಪಾಲಿನ ಗಂಟೆಗಳನ್ನು ಭರದಿಂದ ಉರಿಸಿ ಮುಗಿಸಿದವು. ಆ ವರ್ಷ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಶೇ 40ರ ಹತ್ತಿರಕ್ಕೆ ಏರಿತು.

2013ರ ಏಪ್ರಿಲ್‌ನಲ್ಲಿ ತೆರಿಗೆ ಬಂತು. ಟನ್ನಿಗೆ ಸುಮಾರು 5 ಪೌಂಡಿನಿಂದ ಹೊರಟು 2015ರಲ್ಲಿ 18 ಪೌಂಡಿಗೆ ಮುಟ್ಟಿತು. ಅಷ್ಟರಲ್ಲಿ ಕಿಂಗ್ಸ್‌ನಾರ್ತ್, ಡಿಡ್‌ಕಾಟ್-ಎ ಮುಚ್ಚಿದ್ದವು. ಉಳಿದವುಗಳ ಮುಂದೆ 2016ರಿಂದ ಇನ್ನಷ್ಟು ಬಿಗಿಯಾದ ಹೊಗೆ ಮಿತಿ ನಿಂತಿತ್ತು. ಅದಕ್ಕೆ ಹೊಸದಾಗಿ ಹಣ ಸುರಿಯಬೇಕು, ಆದರೆ ತೆರಿಗೆಯ ಹೊರೆಯಲ್ಲಿ ಆ ಹಣ ಹಿಂದಿರುಗುವ ಭರವಸೆ ಇಲ್ಲ. 2016ರ ಹೊತ್ತಿಗೆ ಕಲ್ಲಿದ್ದಲಿನ ಪಾಲು ಶೇ 10ಕ್ಕಿಂತ ಕೆಳಗಿಳಿದಿತ್ತು. ಗಂಧಕದ ನಿಯಮ ನಿರ್ಧಾರದ ಗಡುವನ್ನು ತಂದಿತು, ತೆರಿಗೆ ಆ ನಿರ್ಧಾರ ಯಾವುದೆಂದು ಹೇಳಿತು. ಒಂದೊಂದೇ ಇದ್ದಿದ್ದರೆ ತಪ್ಪಿಸಿಕೊಳ್ಳುವ ದಾರಿ ಇರುತ್ತಿತ್ತು. ಗಂಧಕವನ್ನೂ ಸಾರಜನಕದ ಆಕ್ಸೈಡ್‌ಗಳನ್ನೂ ತಡೆಯುವ ಯಂತ್ರ ಕೂರಿಸಿಕೊಂಡಿದ್ದ ರ‍್ಯಾಟ್‌ಕ್ಲಿಫ್ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳಿದ್ದೇ ಇದಕ್ಕೆ ಸಾಕ್ಷಿ.

ಆದರೂ ಲೆಕ್ಕದಲ್ಲಿ ತೂತುಗಳಿವೆ. ಬ್ರಿಟನ್ ಉಳಿಸಿದ ಇಂಗಾಲದ ಪರವಾನಗಿ ಐರೋಪ್ಯ ಇಂಗಾಲ ಮಾರುಕಟ್ಟೆಯಲ್ಲೇ ಉಳಿಯಿತು. ಬೇರೆ ದೇಶದ ಕಾರ್ಖಾನೆ ಅದನ್ನು ಕೊಂಡು ಅಷ್ಟೇ ಇಂಗಾಲ ಉಗುಳಬಹುದಿತ್ತು. ಹೆಚ್ಚುವರಿ ಪರವಾನಗಿಗಳನ್ನು ಹಿಂದೆಗೆಯುವ ವ್ಯವಸ್ಥೆ ಜಾರಿಗೆ ಬಂದದ್ದು 2019ರಲ್ಲಿ. ಇನ್ನೊಂದು ತೂತು ಸೌದೆಯದು. ಇಂಗ್ಲೆಂಡಿನ ಡ್ರ್ಯಾಕ್ಸ್ ಸ್ಥಾವರ ಕಲ್ಲಿದ್ದಲಿನ ಬದಲು ಸೌದೆ ಉಂಡೆ ಸುಡತೊಡಗಿದಾಗ ಅದರ ಹೊಗೆಯಿಂದ ಹೊರಡುವ ಇಂಗಾಲವನ್ನು ಸೊನ್ನೆ ಎಂದು ಬರೆದುಕೊಂಡದ್ದನ್ನು ನಾನು ಒಪ್ಪಲಾರೆ. ಕಡಿದ ಮರ ಮತ್ತೆ ಬೆಳೆಯಲು ದಶಕಗಳು ಬೇಕು.

ನಮ್ಮ ಭಾರತದಲ್ಲೂ ಇಂಥವೇ ಕಟ್ಟಳೆಗಳಿದ್ದವು, ಆದರೆ ಒಂದರೊಡನೊಂದು ಕೈಜೋಡಿಸಲಿಲ್ಲ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಬಂತು, 2016ರಲ್ಲಿ 400 ಆಯಿತು, ಮರುವರ್ಷ ಅದು ಜಿಎಸ್‌ಟಿ ಪರಿಹಾರದ ಬೊಕ್ಕಸಕ್ಕೆ ತಿರುಗಿತು. 2015ರ ಡಿಸೆಂಬರ್‌ನಲ್ಲಿ ಬಂದ ಗಂಧಕದ ಮಿತಿಯ ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಗಂಧಕ ತೆಗೆಯುವ ಯಂತ್ರವೇ ವಿದ್ಯುತ್ ತಿಂದು ಇಂಗಾಲ ಹೆಚ್ಚಿಸುತ್ತದೆ ಎಂಬ ವಾದ ಯಂತ್ರದ ಮಟ್ಟಿಗೆ ಸರಿ. ಆದರೆ ಗಡುವು ಹೋದರೆ ಹಳೆಯ ಸ್ಥಾವರವನ್ನು ಉಳಿಸಬೇಕೇ ಮುಚ್ಚಬೇಕೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಇಂಗಾಲಕ್ಕೆ ಬೆಲೆ ಕಟ್ಟಲು ಭಾರತ ರೂಪಿಸಿದ ಹೊಸ ಇಂಗಾಲ ಮಾರುಕಟ್ಟೆಯ ಮೊದಲ ಪಟ್ಟಿಯಲ್ಲೂ ಉಷ್ಣವಿದ್ಯುತ್ ಸ್ಥಾವರಗಳಿಲ್ಲ. ಅವನ್ನು ಅದರೊಳಗೆ ತರಬೇಕು, ಗಂಧಕದ ಗಡುವನ್ನೂ ಮರಳಿ ತರಬೇಕು. ಎರಡನ್ನೂ ಒಟ್ಟಿಗೆ ತರಬೇಕು.