ಅಡುಗೆಮನೆ ಒಂದೂವರೆ ಅಡಿ ಅಗಲವಾಗಲಿ

ಡ್ರಾಫ್ಟಿಂಗ್ ಕೆಲಸಕ್ಕೆ ಹುಡುಗರನ್ನು ಆರಿಸುವಾಗ ಒಂದು ಮನೆಯ ಪ್ಲ್ಯಾನ್ ಬರೆಸಿ ನೋಡುವ ರೂಢಿ ಇದೆ. ಅದರಿಂದ ತಿಳಿಯುವುದು ಕಡಿಮೆ. ಆಟೋಕ್ಯಾಡ್ ಕೋರ್ಸ್ ಮುಗಿಸಿದ ಯಾರಾದರೂ ಮೂವತ್ತು-ನಲವತ್ತರ ಸೈಟಿಗೊಂದು ಪ್ಲ್ಯಾನ್ ಬರೆದಾರು. ಬರೆದು ಮುಗಿದ ಮೇಲೆ, 'ಅಡುಗೆಮನೆ ಸಾಲದಂತೆ, ಒಂದೂವರೆ ಅಡಿ ಅಗಲ ಮಾಡಪ್ಪಾ' ಅನ್ನಬೇಕು. ಆಗ ಕೈ ಯಾವ ಕಮಾಂಡಿಗೆ ಹೋಗುತ್ತದೋ ನೋಡಬೇಕು. ಇರೇಸ್‌ಗೆ ಹೋಯಿತೋ, ಮಧ್ಯಾಹ್ನ ಅಲ್ಲಿಗೇ ಮುಗಿಯಿತು. ಗೋಡೆ ಅಳಿಸಿ, ಹೊಸದಾಗಿ ಎಳೆದು, ಟ್ರಿಮ್ ಮಾಡಿ, ಎಕ್ಸ್‌ಟೆಂಡ್ ಮಾಡಿ, ಕಿಟಕಿ ಜರುಗಿಸಿ, ಅಳತೆಗಳನ್ನೆಲ್ಲ ಮತ್ತೆ ಹಾಕುತ್ತಾ ಕೂರುತ್ತಾನೆ. ಎಸ್ ಒತ್ತಿ ಸ್ಪೇಸ್‌ಬಾರ್ ತಟ್ಟಿದನೋ, ಮರುದಿನವೇ ಕೆಲಸಕ್ಕೆ ಬರಹೇಳಬಹುದು.

ಎಸ್ ಅಂದರೆ ಸ್ಟ್ರೆಚ್. ಆಟೋಕ್ಯಾಡ್‌ನಲ್ಲಿ ಇಷ್ಟು ಉಪಕಾರಿಯಾಗಿದ್ದೂ ಇಷ್ಟು ಉಪೇಕ್ಷೆಗೊಳಗಾದ ಕಮಾಂಡ್ ಇನ್ನೊಂದಿಲ್ಲ. ಇದರ ಗುಟ್ಟೆಲ್ಲ ಆಯ್ಕೆಯ ಚೌಕವನ್ನು ಎಳೆಯುವ ದಿಕ್ಕಿನಲ್ಲಿದೆ. ಎಡದಿಂದ ಬಲಕ್ಕೆ ಎಳೆದರೆ ನೀಲಿ ಚೌಕ. ಪೂರ್ತಿ ಒಳಗೆ ಬಿದ್ದದ್ದು ಮಾತ್ರ ಸಿಗುತ್ತದೆ. ಬಲದಿಂದ ಎಡಕ್ಕೆ ಎಳೆದರೆ ಹಸಿರು, ತಾಗಿದ್ದೆಲ್ಲ ಸಿಗುತ್ತದೆ. ಸ್ಟ್ರೆಚ್‌ಗೆ ಬೇಕಾದದ್ದು ಹಸಿರು. ಚೌಕದ ಒಳಗಿರುವ ತುದಿಗಳು ಸರಿಯುತ್ತವೆ, ಹೊರಗಿನ ತುದಿಗಳು ಇದ್ದಲ್ಲೇ ಇರುತ್ತವೆ, ನಡುವಿನ ಗೆರೆ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಅಡುಗೆಮನೆಗೂ ಡೈನಿಂಗ್‌ಗೂ ನಡುವೆ ಇರುವ ನಾಲ್ಕೂವರೆ ಇಂಚಿನ ಗೋಡೆಯ ಸುತ್ತ ಹಸಿರು ಚೌಕ ಎಳೆಯಿರಿ. ಎಫ್8 ಒತ್ತಿ ಆರ್ಥೋ ಹಾಕಿಕೊಳ್ಳಿ. ಒಂದು ಬಿಂದು ಹಿಡಿದು ಮೌಸ್‌ನಲ್ಲಿ ದಿಕ್ಕು ತೋರಿಸಿ, ಒಂದೂವರೆ ಅಡಿ ಎಂದು ಟೈಪ್ ಮಾಡಿ. ಗೋಡೆ ಹೋಯಿತು, ಅದರಲ್ಲಿದ್ದ ಬಾಗಿಲು ಹೋಯಿತು, ಅಡುಗೆ ಕಟ್ಟೆ ಉದ್ದವಾಯಿತು, ಡೈನಿಂಗ್ ಅಷ್ಟೇ ಕಿರಿದಾಯಿತು. ಎರಡೂ ಕೋಣೆಯ ಅಳತೆಗಳು ತಾವಾಗಿ ತಿದ್ದಿಕೊಂಡವು.

ಹಾಗೆ ತಿದ್ದಿಕೊಳ್ಳಬೇಕಾದರೆ ಅಳತೆಗಳು ನಿಜವಾದ ಅಳತೆಗಳಾಗಿರಬೇಕು. ಗೆರೆ 9 ಅಡಿ 11 ಇಂಚು ಬಂದಿದೆ, ಪಾರ್ಟಿಗೆ 10 ಅಡಿ ಬೇಕು. ಡೈಮೆನ್ಷನ್ ಮೇಲೆ ಡಬಲ್ ಕ್ಲಿಕ್ ಮಾಡಿ ಹತ್ತು ಎಂದು ಟೈಪ್ ಮಾಡಿಬಿಡುವುದು. ಈ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಚಾಳಿ ನಾನು ಕಾಣೆ. ಆ ಅಂಕಿ ಮುಂದೆ ಎಷ್ಟು ಸಲ ಸ್ಟ್ರೆಚ್ ಮಾಡಿದರೂ ಅಲ್ಲಾಡದು. ಸೈಟಿನಲ್ಲಿ ಮೇಸ್ತ್ರಿ ಓದುವುದು ಅಂಕಿಯನ್ನೇ. ಸ್ಕೇಲ್ ಇಟ್ಟು ಗೆರೆ ಅಳೆಯಬೇಡಿ ಎಂದು ಡ್ರಾಯಿಂಗ್ ಅಂಚಿನಲ್ಲಿ ನಾವೇ ಬರೆದಿರುತ್ತೇವೆ. ಒಂದು ಇಂಚನ್ನು ಗೆರೆಯಲ್ಲಿ ಸರಿಮಾಡಲು ಅರ್ಧ ನಿಮಿಷ ಸಾಕು.

ಒಮ್ಮೆ ಬರೆದದ್ದನ್ನು ಮತ್ತೆ ಬರೆಯಬಾರದು ಎಂಬುದು ಈ ವಿದ್ಯೆಯ ಹುಟ್ಟಿನಲ್ಲೇ ಇದ್ದ ವಿಚಾರ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ತಮ್ಮ ಡಾಕ್ಟರೇಟ್‌ಗಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಮ್ ಒಪ್ಪಿಸಿದರು. ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯುವ ಆ ಏರ್ಪಾಟಿನಲ್ಲಿ ಮೂಲಚಿತ್ರ ಒಂದೇ, ಅದರ ಪ್ರತಿಗಳು ಎಷ್ಟು ಬೇಕಾದರೂ ಇರಬಹುದಿತ್ತು. ಮೂಲ ತಿದ್ದಿದರೆ ಪ್ರತಿಗಳೆಲ್ಲ ತಿದ್ದಿಕೊಳ್ಳುತ್ತಿದ್ದವು. 1982ರ ಕೊನೆಗೆ ಮೇಜಿನ ಮೇಲಿನ ಕಂಪ್ಯೂಟರಿಗೆ ಬಂದ ಆಟೋಕ್ಯಾಡ್‌ನಲ್ಲಿ ನಾವು ಬ್ಲಾಕ್ ಅನ್ನುವುದು ಇದರದೇ ಸಂತಾನ. ಇಷ್ಟಿದ್ದೂ ನಮ್ಮ ಹುಡುಗರು ಒಂದು ಬಾಗಿಲು ಬರೆದು ನಲವತ್ತು ಕಡೆ ಕಾಪಿ ಹೊಡೆಯುತ್ತಾರೆ. ಮೂರಡಿಯ ಬಾಗಿಲು ಮೂರೂವರೆ ಆಗಬೇಕೆಂದ ದಿನ ನಲವತ್ತನ್ನೂ ಒಂದೊಂದಾಗಿ ತಿದ್ದುತ್ತಾರೆ. ಬಾಗಿಲನ್ನು ಲೇಯರ್ ಸೊನ್ನೆಯಲ್ಲಿ, ಬಣ್ಣ ಬೈಲೇಯರ್ ಇಟ್ಟು ಬರೆದು ಬ್ಲಾಕ್ ಮಾಡಿ. ಯಾವ ಲೇಯರ್‌ನಲ್ಲಿ ಇಳಿಸಿದರೆ ಆ ಲೇಯರ್‌ನ ಬಣ್ಣ ತಾಳುತ್ತದೆ. ಎಕ್ಸ್‌ಪ್ಲೋಡ್ ಮಾತ್ರ ಮುಟ್ಟಬೇಡಿ.

ಇನ್ನು ಎಡಗೈ. ಬಲಗೈ ಮೌಸ್ ಬಿಡದೆ ಇರಬೇಕಾದರೆ ಎಡಗೈ ಕೀಬೋರ್ಡಿನ ಎಡ ಅರ್ಧದಲ್ಲೇ ಸಂಸಾರ ಮಾಡಬೇಕು. ಆಟೋಕ್ಯಾಡ್ ಕೊಟ್ಟ ಕಿರುಹೆಸರುಗಳು ಹಾಗಿಲ್ಲ. ಸರ್ಕಲ್‌ಗೆ ಸಿ ಕೊಟ್ಟು ಕಾಪಿಗೆ ಸಿಒ ಕೊಟ್ಟಿದ್ದಾರೆ. ಕಟ್ಟಡದ ನಕ್ಷೆಯಲ್ಲಿ ವೃತ್ತ ಎಳೆಯುವ ಪ್ರಸಂಗ ದಿನಕ್ಕೆಷ್ಟು, ಕಾಪಿ ಎಷ್ಟು? ಆರ್ ಅಂತೂ ರೀಡ್ರಾಗೆ ಮೀಸಲು. ಹಿಂದೆ ಕ್ಲಿಕ್ ಮಾಡಿದಲ್ಲೆಲ್ಲ ಪರದೆಯ ಮೇಲೆ ಸಣ್ಣ ಕೂಡು-ಗುರುತು ಉಳಿಯುತ್ತಿತ್ತು, ಅದನ್ನು ಒರೆಸಲು ರೀಡ್ರಾ ಬೇಕಿತ್ತು. ಗುರುತುಗಳು ಹೋದವು, ಆರ್ ಮಾತ್ರ ನಿವೃತ್ತಿಯಾಗದ ಗುಮಾಸ್ತನ ಹಾಗೆ ಕುರ್ಚಿ ಹಿಡಿದಿದೆ. ಮ್ಯಾನೇಜ್ ಟ್ಯಾಬಿನಲ್ಲಿ ಎಡಿಟ್ ಏಲಿಯಾಸಸ್ ತೆರೆದರೆ ಪಿಜಿಪಿ ಫೈಲು ನೋಟ್‌ಪ್ಯಾಡಿನಲ್ಲಿ ಬಿಚ್ಚಿಕೊಳ್ಳುತ್ತದೆ. ಸಿ ಕಾಪಿಗೆ, ಆರ್ ರೊಟೇಟ್‌ಗೆ, ವಿ ಮೂವ್‌ಗೆ ಬರೆದುಕೊಳ್ಳಿ. ಸೇವ್ ಮಾಡಿ ರೀಇನಿಟ್ ಕೊಟ್ಟರೆ ಆಯಿತು. ನಾಲ್ಕೈದಕ್ಕೆ ನಿಲ್ಲಿಸಿ. ಕೀಬೋರ್ಡನ್ನೇ ಪೂರ್ತಿ ತಿರುಗಿಸಿಟ್ಟವರು ಪಕ್ಕದವರ ಸಿಸ್ಟಮ್ ಮುಂದೆ ಕೂತಾಗ ಪಡುವ ಪಾಡು ನೋಡಲಾಗದು. ಎಂಟರ್ ಹುಡುಕುತ್ತ ಕೈ ಆಚೆ ಹೋಗಬೇಕಿಲ್ಲ, ಸ್ಪೇಸ್‌ಬಾರೇ ಎಂಟರ್. ಏನೂ ಬರೆಯದೆ ಅದನ್ನು ತಟ್ಟಿದರೆ ಹಿಂದಿನ ಕಮಾಂಡ್ ಮರಳಿ ಬರುತ್ತದೆ. ಎರಡು ಗೋಡೆಯ ಮೂಲೆ ಕೂಡಿಸಲು ಟ್ರಿಮ್ ಬೇಡ, ಫಿಲೆಟ್ ಕೊಟ್ಟು ಎರಡನೇ ಗೆರೆ ಒತ್ತುವಾಗ ಶಿಫ್ಟ್ ಹಿಡಿದರೆ ಚೂಪು ಮೂಲೆ ಸಿಗುತ್ತದೆ.

ಟ್ರೇಸಿಂಗ್ ಶೀಟಿನ ಮೇಲೆ ರೋಟ್ರಿಂಗ್ ಪೆನ್ನಿನಲ್ಲಿ ಬರೆದು, ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆದು, ಅಮೋನಿಯಾ ಪ್ರಿಂಟ್ ತೆಗೆಯುತ್ತಿದ್ದ ಹಿರಿಯರು ಕ್ಯಾಡ್‌ಗೆ ಬಂದಾಗ ಕೈ ನಿಧಾನವಿದ್ದೂ ಕೆಲಸ ಬೇಗ ಮುಗಿಸುತ್ತಿದ್ದರು. ಶೀಟನ್ನು ಎಷ್ಟೆಂದು ಕೆರೆಯುವುದು? ಅವರಿಗೆ ಮೊದಲು ಯೋಚಿಸಿಯೇ ಗೊತ್ತಿತ್ತು. ಕಂಟ್ರೋಲ್ ಝಡ್ ನಮ್ಮನ್ನು ಸ್ವಲ್ಪ ಕೆಡಿಸಿದೆ ಅನ್ನಿ.

ಕನ್ನಡದವರಿಗೇ ವಿಶೇಷವಾದ ಒಂದು ತಲೆನೋವಿದೆ. ಪಂಚಾಯಿತಿಗೆ ಕೊಡುವ ನಕ್ಷೆಯಲ್ಲಿ ಮಾಲೀಕರ ಹೆಸರು, ಚಕ್ಕುಬಂದಿ ಎಲ್ಲ ಕನ್ನಡದಲ್ಲಿ ಬರೆಯಬೇಕು. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದಿಟ್ಟರೆ, ಆ ಫಾಂಟಿಲ್ಲದ ಸಿಸ್ಟಮ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಆಟೋಕ್ಯಾಡ್ ಜೊತೆಗೇ ಬರುವ ಎಸ್‌ಎಚ್‌ಎಕ್ಸ್ ಫಾಂಟುಗಳಲ್ಲಿ ಕನ್ನಡವೇ ಇಲ್ಲ. ತುಂಗಾದಂಥ ಯೂನಿಕೋಡ್ ಫಾಂಟಿಗೆ ಬೇರೆಯದೇ ಟೆಕ್ಸ್ಟ್ ಸ್ಟೈಲ್ ಮಾಡಿ ಟೆಂಪ್ಲೇಟಿನಲ್ಲಿ ಇಟ್ಟುಬಿಡಿ. ಫೈಲು ಹೊರಗೆ ಕಳಿಸುವಾಗ ಪರ್ಜ್ ಮತ್ತು ಆಡಿಟ್ ಮುಗಿಸಿ, ಇ-ಟ್ರಾನ್ಸ್‌ಮಿಟ್‌ನಲ್ಲೇ ಕಟ್ಟಿ. ಎಕ್ಸ್‌ರೆಫ್ ಡ್ರಾಯಿಂಗುಗಳು ಅದರೊಳಗೆ ಬರುತ್ತವೆ, ಸೆಟಪ್‌ನಲ್ಲಿ ಫಾಂಟಿನ ಎದುರು ಟಿಕ್ ಹಾಕಿದರೆ ಅದೂ ಬರುತ್ತದೆ. 'ಸಾರ್, ನಿಮ್ಮ ಡ್ರಾಯಿಂಗ್ ಓಪನ್ ಆಯ್ತು, ಆದ್ರೆ ಕಾಲಮ್ಮೇ ಕಾಣಿಸ್ತಿಲ್ಲ' ಎಂದು ರಾತ್ರಿ ಒಂಬತ್ತಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಫೋನ್ ಮಾಡುವುದು ತಪ್ಪುತ್ತದೆ.